ಪಶ್ಚಿಮ ಸಿಡ್ನಿಯ ಕಾಡಿನ ತುಣುಕುಗಳಲ್ಲಿ ಕೈಜೋಡಿಸುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಬ್ಲ್ಯಾಕ್‌ಟೌನ್ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರು ವಾರಾಂತ್ಯದ ಬೆಳಿಗ್ಗೆ ಹಳ್ಳದ ದಡದಲ್ಲಿ ಬಗ್ಗಿ ಕಳೆ ಕೀಳುವವರನ್ನು ಕಂಡಿರುತ್ತೀರಿ. ಅವರ ಜೊತೆ ಸೇರಬೇಕೆನ್ನುವವರು, ಸೇರದೆಯೂ ಮನೆಯ ಹಿತ್ತಲಲ್ಲಿ ಏನಾದರೂ ಮಾಡಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಬುಷ್‌ಕೇರ್, ಲ್ಯಾಂಡ್‌ಕೇರ್ ಎರಡೂ ಒಂದೇನಾ?

ಸೋದರ ಸಂಬಂಧ. ಲ್ಯಾಂಡ್‌ಕೇರ್ ಹುಟ್ಟಿದ್ದು 1986ರಲ್ಲಿ, ವಿಕ್ಟೋರಿಯಾದ ಸೇಂಟ್ ಆರ್ನಾಡ್ ಊರಿನ ಹತ್ತಿರ, ರೈತರ ನಡುವೆ. ಮಣ್ಣಿನ ಸವಕಳಿ, ಉಪ್ಪೇರಿದ ಹೊಲ, ಮೊಲದ ಕಾಟ ಇವು ಅದರ ತಲೆನೋವು. ಬುಷ್‌ಕೇರ್ ಪೇಟೆಯೊಳಗೆ ಉಳಿದುಕೊಂಡ ಕಾಡಿನ ಚೂರುಗಳಿಗೆ ಸೇರಿದ್ದು. ಜಾಗ ಸಾಮಾನ್ಯವಾಗಿ ಕೌನ್ಸಿಲ್‌ನದು, ಉಪಕರಣವೂ ಮೇಲ್ವಿಚಾರಕರೂ ಕೌನ್ಸಿಲ್‌ನವರೇ, ಕೈ ಮಾತ್ರ ನಮ್ಮದು.

ಸೇರುವುದು ಹೇಗೆ? ಏನು ತರಬೇಕು?

ನಿಮ್ಮ ಕೌನ್ಸಿಲ್‌ನ ಜಾಲತಾಣದಲ್ಲಿ ಬುಷ್‌ಕೇರ್ ಸ್ವಯಂಸೇವಕರ ಅರ್ಜಿ ಇರುತ್ತದೆ. ಹೆಸರು ನೋಂದಾಯಿಸಿಯೇ ಹೋಗಿ, ವಿಮೆ ಅನ್ವಯಿಸುವುದು ನೋಂದಾಯಿಸಿದವರಿಗೆ. ದುಡ್ಡು ಕೊಡಬೇಕಿಲ್ಲ. ಹೆಚ್ಚಿನ ಗುಂಪುಗಳು ತಿಂಗಳಿಗೊಮ್ಮೆ ಎರಡು ಮೂರು ಗಂಟೆ ಸೇರುತ್ತವೆ, ನಡುವೆ ಚಹಾ ಬಿಸ್ಕತ್ತಿನ ವಿರಾಮ.

ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಲು ಪೂರ್ತಿ ಮುಚ್ಚುವ ಶೂ, ಅಗಲ ಅಂಚಿನ ಟೋಪಿ, ಒಂದೂವರೆ ಲೀಟರ್ ನೀರು. ಕೈಗವಸು, ಗಿಡ ಕತ್ತರಿ, ಗರಗಸ ಅವರೇ ಕೊಡುತ್ತಾರೆ. ಮನೆಯ ಕತ್ತಿ, ಕುಡುಗೋಲು ತರಬೇಡಿ, ಬಳಸಲು ಬಿಡುವುದಿಲ್ಲ. ಮಕ್ಕಳು ಬರಬಹುದು, ಜೊತೆಗೆ ಅಪ್ಪನೋ ಅಮ್ಮನೋ ಇರಬೇಕು.

ಇಲ್ಲಿ ಕಾಪಾಡುವಂಥದ್ದು ಏನಿದೆ? ಬರೀ ಒಣ ಹುಲ್ಲು, ನಾಲ್ಕು ಮರ ಕಾಣುತ್ತದಲ್ಲ?

ಆ ಒಣ ಹುಲ್ಲು, ನಾಲ್ಕು ಮರವೇ ಕಾಪಾಡಬೇಕಾದದ್ದು. ಅದರ ಹೆಸರು ಕಂಬರ್ಲೆಂಡ್ ಬಯಲಿನ ವುಡ್‌ಲ್ಯಾಂಡ್. ಜೇಡಿಮಣ್ಣಿನ ಮೇಲೆ ದೂರ ದೂರ ನಿಂತ ಗ್ರೇ ಬಾಕ್ಸ್ ಮತ್ತು ಫಾರೆಸ್ಟ್ ರೆಡ್ ಗಮ್ ಮರಗಳು, ಕೆಳಗೆ ಮುಳ್ಳಿನ ಬರ್ಸೇರಿಯಾ ಪೊದೆ, ಅದರ ಕೆಳಗೆ ಕಾಂಗರೂ ಹುಲ್ಲು. ಮೊದಲಿದ್ದುದರಲ್ಲಿ ನೂರಕ್ಕೆ ಹತ್ತು ಪಾಲೂ ಉಳಿದಿಲ್ಲ. 2009ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಮಳೆಕಾಡು ಕಂಡ ಮಲೆನಾಡಿನವರ ಕಣ್ಣಿಗೆ ಇದು ಕಾಡೆಂದೇ ಅನ್ನಿಸುವುದಿಲ್ಲ. ಬಯಲುಸೀಮೆಯ ಹುಲ್ಲುಗಾವಲು ನೋಡಿ ಬೆಳೆದವರಿಗೆ ಬೇಗ ಅರ್ಥವಾಗುತ್ತದೆ.

ಇದು ಧಾರುಗ್ ಎಂಬ ಮೂಲನಿವಾಸಿ ಜನರ ನೆಲ. ಮರದಲ್ಲಿ ತೊಗಟೆ ತೆಗೆದ ಹಳೆಯ ಗಾಯ, ಚಕ್ಕೆ ಎಬ್ಬಿಸಿದಂತಿರುವ ಕಲ್ಲು ಕಂಡರೆ ಮುಟ್ಟದೆ, ಕಿಸೆಗೂ ಹಾಕಿಕೊಳ್ಳದೆ ಮೇಲ್ವಿಚಾರಕರಿಗೆ ತೋರಿಸಿ.

ನೀಲಗಿರಿ ಮರ ನಮ್ಮೂರ ಅಂತರ್ಜಲ ಹೀರಿತು ಅನ್ನುತ್ತಾರೆ. ಅದನ್ನೇ ಇಲ್ಲಿ ಉಳಿಸಬೇಕಾ?

ಹೌದು, ಅದನ್ನೇ. ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲೆಲ್ಲ ನಿಂತದ್ದರ ಮೂಲ ಯೂಕಲಿಪ್ಟಸ್ ಟೆರೆಟಿಕಾರ್ನಿಸ್. ಮೇಲೆ ಹೇಳಿದ ಫಾರೆಸ್ಟ್ ರೆಡ್ ಗಮ್ ಎಂದರೂ ಅದೇ. ಅಲ್ಲಿ ಅದನ್ನು ಒತ್ತೊತ್ತಾಗಿ ನೆಟ್ಟು, ಕೆಲವೇ ವರ್ಷಕ್ಕೆ ಕಡಿದು, ಮತ್ತೆ ಚಿಗುರಿಸಿ ಕಡಿಯುವುದು ರೂಢಿ. ಸದಾ ಎಳೆಯ ಮರ, ಸದಾ ಬಾಯಾರಿಕೆ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಇಲ್ಲಿ ಅದೇ ಮರ ಬಿಡಿಬಿಡಿಯಾಗಿ ನಿಂತು ಶತಮಾನಗಟ್ಟಲೆ ಬಾಳುತ್ತದೆ. ಹೂವಿಗೆ ಬಾವಲಿ ಮತ್ತು ಲೊರಿಕೀಟ್ ಗಿಳಿ, ಎಲೆಗೆ ನೂರೆಂಟು ಹುಳು. ಪೊಟರೆ ಬೀಳಲು ನೂರು ವರ್ಷಕ್ಕೂ ಹೆಚ್ಚು ಬೇಕು, ಬಿದ್ದ ಮೇಲೆ ಪೋಸಮ್ ಎಂಬ ಮರವಾಸಿ ಚೀಲಪ್ರಾಣಿಗೆ, ಗಿಳಿಗೆ ಮನೆ. ಹಾಗಾಗಿ ಟೊಳ್ಳಾದ ಮುದಿಮರವನ್ನು ‘ಸತ್ತದ್ದು, ತೆಗೆದುಬಿಡಿ’ ಎಂದು ಕೌನ್ಸಿಲ್‌ಗೆ ದೂರು ಕೊಡುವ ಮೊದಲು ಸಂಜೆ ಅರ್ಧ ಗಂಟೆ ಅದರ ಕೆಳಗೆ ನಿಂತು ನೋಡಿ.

ಮೊದಲ ದಿನವೇ ಗಿಡ ನೆಡಬಹುದಾ?

ಬಹುಶಃ ಇಲ್ಲ. ಹೊಸಬರಿಗೆ ಬೇಸರ ತರಿಸುವ ಸಂಗತಿ ಇದೇ. ಸಿಡ್ನಿಯ ಮೊಸ್ಮನ್‌ನಲ್ಲಿ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಿಂದ ಕಳೆ ಕೀಳುತ್ತಾ ಕಂಡುಕೊಂಡ ಕ್ರಮ ಇಂದಿಗೂ ಬುಷ್‌ಕೇರ್‌ನ ತಳಹದಿ. ಚೆನ್ನಾಗಿರುವ ಕಾಡಿನ ಕಡೆಯಿಂದ ಶುರುಮಾಡಿ ಕೆಟ್ಟಿರುವ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕೆದಕಬಾರದು, ಕೆದಕಿದರೆ ಎಲೆ ಕಸವನ್ನು ಮತ್ತೆ ಮುಚ್ಚಬೇಕು. ಸ್ಥಳೀಯ ಗಿಡ ತಾನಾಗಿ ಮರಳಿ ಹುಟ್ಟುವ ವೇಗಕ್ಕಿಂತ ನಮ್ಮ ವೇಗ ಹೆಚ್ಚಾಗಬಾರದು.

ಎಲ್ಲರ ಮನಸ್ಸು ಎಳೆಯುವುದು ತದ್ವಿರುದ್ಧ ದಿಕ್ಕಿಗೆ: ಕಳೆ ದಟ್ಟವಾಗಿರುವಲ್ಲಿ ನುಗ್ಗಿ ಬೋಳು ಮಾಡಿ ಫೋಟೊ ತೆಗೆಯುವುದು. ಮುಂದಿನ ಮಳೆಗೆ ಆ ಬೋಳು ನೆಲದಲ್ಲಿ ಕಳೆ ಬೀಜವೇ ಮೊದಲು ಮೊಳೆಯುತ್ತದೆ. ಮಣ್ಣಿನಲ್ಲಿ ಹಳೆಯ ಬೀಜ ಉಳಿದಿರುವ ಕಡೆ ನೆಡುವ ಅಗತ್ಯವೇ ಬೀಳದಿರಬಹುದು.

ಯಾವ ಕಳೆಯನ್ನು ಹೇಗೆ ತೆಗೆಯಬೇಕು?

ಒಂದೊಂದರ ಪ್ರಾಣ ಒಂದೊಂದು ಕಡೆ ಇರುತ್ತದೆ. ಅದು ಎಲ್ಲಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಆಫ್ರಿಕನ್ ಆಲಿವ್ ಈ ಬಯಲಿನ ದೊಡ್ಡ ಶತ್ರು. ಎದುರುಬದುರು ಎಲೆ, ಮೇಲೆ ಹೊಳಪು, ಕೆಳಗೆ ಹಳದಿ ಮಿಶ್ರಿತ ಕಂದು, ತುದಿಯಲ್ಲಿ ಸಣ್ಣ ಕೊಕ್ಕೆ. ಇಲ್ಲಿನದೇ ಆದ ನೊಟಿಲಿಯಾ ಗಿಡ ಇದರಂತೆಯೇ ಕಂಡರೂ ಅದರ ಎಲೆ ಒರಟು, ನರ ಎದ್ದು ಕಾಣುತ್ತದೆ. ಅನುಮಾನ ಬಂದರೆ ಕೀಳಬೇಡಿ, ಕೇಳಿ. ಗೇಣುದ್ದದ ಸಸಿ ಮಳೆಯ ಮರುದಿನ ಬೇರು ಸಮೇತ ಸಲೀಸಾಗಿ ಬರುತ್ತದೆ. ದೊಡ್ಡದಾದರೆ ಕತ್ತರಿಸಿ ಬಳಿಯುವ ವಿಧಾನ: ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲೆ ಮಟ್ಟಸವಾಗಿ ಕೊಯ್ದು, ಹದಿನೈದು ಸೆಕೆಂಡಿನೊಳಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಬಳಿಯಬೇಕು. ತಡವಾದರೆ ಕೊಯ್ದ ಮುಖ ಮುಚ್ಚಿಕೊಂಡು ಔಷಧ ಒಳಗಿಳಿಯುವುದಿಲ್ಲ. ಓರೆಯಾಗಿ ಕೊಯ್ದರೆ ಜಾರಿ ಮಣ್ಣಿಗೆ ಹೋಗುತ್ತದೆ, ಮುಖಕ್ಕೆ ಮಣ್ಣು ಮೆತ್ತಿದರೆ ಕೆಲಸ ಮಾಡುವುದಿಲ್ಲ. ದಪ್ಪ ಕಾಂಡದಲ್ಲಿ ತೊಗಟೆಯ ಒಳಗಿನ ಉಂಗುರಕ್ಕೆ ಬಳಿದರೆ ಸಾಕು, ನಡುವಿನ ಕಟ್ಟಿಗೆಗೆ ಬಳಿದದ್ದು ದಂಡ. ಒಬ್ಬರು ಕೊಯ್ಯುವುದು, ಒಬ್ಬರು ಬಳಿಯುವುದು ಒಳ್ಳೆಯದು. ಬಳಿಯುವವರಿಗೆ ತರಬೇತಿ ಆಗಿರಬೇಕು, ಮಕ್ಕಳು ಔಷಧದ ಬಾಟಲಿಯ ಹತ್ತಿರವೂ ಸುಳಿಯಬಾರದು.

ಆಸ್ಪರಾಗಸ್ ಫರ್ನ್ ನಮ್ಮ ಶತಾವರಿಯ ಕುಲ. ಅಗೆದರೆ ನೀರು ತುಂಬಿದ ಗಡ್ಡೆಗಳ ರಾಶಿ ಸಿಗುತ್ತದೆ, ಅದನ್ನೆಲ್ಲ ಆರಿಸಲು ಕೂತವರ ಬೆನ್ನು ಹೋಗುತ್ತದೆ. ಗಡ್ಡೆ ಚಿಗುರುವುದಿಲ್ಲ. ಚಿಗುರುವುದು ನೆಲಮಟ್ಟದ ಗಟ್ಟಿ ನೆತ್ತಿ ಮಾತ್ರ. ಚಾಕುವಿನಿಂದ ಅದರ ಸುತ್ತ ಕೊಯ್ದು ನೆತ್ತಿಯನ್ನು ಎತ್ತಿಬಿಡಿ, ಗಡ್ಡೆ ಅಲ್ಲೇ ಕೊಳೆಯಲಿ. ಕೆಂಪು ಹಣ್ಣಿದ್ದರೆ ಚೀಲಕ್ಕೆ.

ಟ್ರಾಡ್ ಎಂದು ಕರೆಯುವ ಬಿಳಿ ಹೂವಿನ ಹಬ್ಬುಬಳ್ಳಿಯದು ಇನ್ನೊಂದು ಗುಣ, ಒಂದು ಗಿಣ್ಣು ಉಳಿದರೂ ಬೇರು ಬಿಡುತ್ತದೆ. ಕುಂಟೆಯಿಂದ ಚಾಪೆಯಂತೆ ಸುತ್ತಿ ತೆಗೆದು, ಉಳಿದ ಚೂರನ್ನು ಕೈಯಲ್ಲಿ ಆರಿಸಿ. ಮೂರ್ನಾಲ್ಕು ವಾರ ಬಿಟ್ಟು ಮತ್ತೆ ಬರಬೇಕು. ಮಡೀರಾ ಬಳ್ಳಿಯನ್ನಂತೂ ಮರದಿಂದ ಎಳೆಯಲೇಬೇಡಿ, ಕಾಂಡದ ಮೇಲಿನ ಗಂಟುಗಡ್ಡೆಗಳು ಕಡಲೆಯಂತೆ ಉದುರಿ ಒಂದೊಂದೂ ಗಿಡವಾಗುತ್ತದೆ.

ಲಂಟಾನವನ್ನು ಒಂದೇ ದಿನ ಸವರಿಬಿಡಬಾರದೇ?

ನಾಗರಹೊಳೆ, ಬಂಡೀಪುರದಲ್ಲಿ ಲಂಟಾನದ ಕಾಟ ಕಂಡವರಿಗೆ ಕೈ ತುರಿಸುವುದು ಸಹಜ. ಆದರೆ ಬೇರೆ ಪೊದೆ ಉಳಿದಿಲ್ಲದ ಕಡೆ ನೀಲಿ ಫೇರಿ ರೆನ್‌ನಂಥ ಚಿಕ್ಕ ಹಕ್ಕಿಗಳು ಅದರೊಳಗೇ ಗೂಡು ಕಟ್ಟಿ ಅಡಗಿರುತ್ತವೆ. ಪೂರ್ತಿ ತೆಗೆದ ವಾರದಲ್ಲೇ ಅವು ಬೆಕ್ಕಿನ, ಹದ್ದಿನ ಪಾಲು. ತುಂಡು ತುಂಡಾಗಿ ತೆಗೆದು, ಆ ತುಂಡಿನಲ್ಲಿ ಬರ್ಸೇರಿಯಾ ಮೇಲೆದ್ದ ಮೇಲೆ ಪಕ್ಕದ್ದಕ್ಕೆ ಕೈಹಾಕಿ. ಗೂಡು ಕಟ್ಟುವ ವಸಂತದಲ್ಲಿ ಬಿಟ್ಟುಬಿಡಿ.

ನೆಡುವ ದಿನ ಯಾವಾಗ, ನೆಡುವುದು ಹೇಗೆ?

ಜುಲೈ ಕೊನೆಯ ಭಾನುವಾರ ರಾಷ್ಟ್ರೀಯ ಮರ ದಿನ. ಪ್ಲಾನೆಟ್ ಆರ್ಕ್ ಸಂಸ್ಥೆ 1996ರಿಂದ ನಡೆಸುತ್ತಿದೆ. ಕುಟುಂಬ ಸಮೇತ ಹೋಗಲು ಒಳ್ಳೆಯ ದಿನ. ಮನೆಯಲ್ಲಿ ನೆಡುವವರಿಗೆ ಮಾರ್ಚ್ ಕೊನೆಯಿಂದ ಮೇ ತನಕ ಇನ್ನೂ ಒಳ್ಳೆಯದು: ನೆಲ ಬೆಚ್ಚಗಿರುತ್ತದೆ, ಬೇಸಿಗೆಯ 40 ಡಿಗ್ರಿ ಬರುವ ಮೊದಲು ಬೇರು ಇಳಿದಿರುತ್ತದೆ.

ದೊಡ್ಡ ಕುಂಡದ ಗಿಡಕ್ಕೆ ದುಡ್ಡು ಸುರಿಯಬೇಡಿ. ಟ್ಯೂಬ್‌ಸ್ಟಾಕ್ ಎಂಬ, ಸುಮಾರು 5 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳದ ಕೊಳವೆಯ ಸಸಿ ಕೆಲವೇ ಡಾಲರ್‌ಗೆ ಸಿಗುತ್ತದೆ, ಎರಡು ವರ್ಷದಲ್ಲಿ ಅದೇ ಮುಂದೆ ಓಡುತ್ತದೆ. ಸಸಿಯನ್ನು ಗುಳ್ಳೆ ನಿಲ್ಲುವ ತನಕ ಬಕೆಟ್ ನೀರಿನಲ್ಲಿ ಮುಳುಗಿಸಿ. ಕೊಳವೆಯ ಎರಡರಷ್ಟು ಅಗಲದ ಗುಂಡಿ ತೋಡಿ. ಒದ್ದೆ ಜೇಡಿಮಣ್ಣಿನಲ್ಲಿ ಸಲಿಕೆ ಆಡಿದರೆ ಗುಂಡಿಯ ಗೋಡೆ ಮಡಕೆಯಂತೆ ನುಣ್ಣಗಾಗುತ್ತದೆ. ಬೇರು ಅದನ್ನು ಭೇದಿಸಲಾರದೆ ಒಳಗೇ ಸುತ್ತಿ, ಮೂರನೇ ವರ್ಷ ಗಾಳಿಗೆ ಗಿಡ ಬುಡಮೇಲಾಗುತ್ತದೆ. ಸಲಿಕೆಯ ಮೂಲೆಯಿಂದ ಗೋಡೆಯನ್ನು ಗೀರಿ ಒರಟು ಮಾಡಿ. ಗುಂಡಿಗೆ ನೀರು ತುಂಬಿ ಇಂಗಲು ಬಿಟ್ಟು, ಸಸಿಯ ಮಣ್ಣುಮಟ್ಟ ನೆಲಮಟ್ಟಕ್ಕೆ ಸಮ ಬರುವಂತೆ ಇಟ್ಟು, ಅದೇ ಮಣ್ಣು ಮುಚ್ಚಿ ಎರಡು ಲೀಟರ್ ನೀರು ಹಾಕಿ. ಮರದ ಚೂರಿನ ಮಲ್ಚ್ 7 ಸೆಂಟಿಮೀಟರ್ ದಪ್ಪ, ಕಾಂಡದಿಂದ ಒಂದು ಗೇಣು ದೂರ. ಕಾಂಡಕ್ಕೆ ತಾಗಿಸಿದರೆ ಕೊಳೆಯುತ್ತದೆ. ಗೂಟಕ್ಕೆ ಕಟ್ಟಬೇಡಿ, ಗಾಳಿಗೆ ಅಲುಗಾಡಿದರೇ ಕಾಂಡ ದಪ್ಪವಾಗುವುದು. ಮಳೆ ಬಾರದಿದ್ದರೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ನೀರು.

ಗೊಬ್ಬರ ಎಷ್ಟು ಹಾಕಬೇಕು?

ಬ್ಯಾಂಕ್ಸಿಯಾ, ಗ್ರೆವಿಲಿಯಾ ಎಂಬ ಇಲ್ಲಿನ ಗಿಡಗಳಿಗೆ ಹಾಕದಿದ್ದರೇ ಕ್ಷೇಮ. ಬೆಳೆಯಲಿ ಎಂದು ಪ್ರೀತಿಯಿಂದ ಕೋಳಿಗೊಬ್ಬರ, ಮೂಳೆಪುಡಿ ಹಾಕಿ ಕೊಂದವರೇ ಹೆಚ್ಚು. ರಂಜಕ ಅತಿ ಕಡಿಮೆ ಇರುವ ಹಳೆಯ ಮಣ್ಣಿನಲ್ಲಿ ಬಾಳಲು ಈ ಕುಲದ ಗಿಡಗಳು ಕುಂಚದಂಥ ದಟ್ಟ ಬೇರು ಬೆಳೆಸಿಕೊಂಡಿವೆ, ಸಿಕ್ಕಿದ ರಂಜಕವನ್ನೆಲ್ಲ ಹೀರುತ್ತವೆ, ಬೇಡ ಎನ್ನಲು ಅವಕ್ಕೆ ಬರುವುದಿಲ್ಲ. ಎಲೆಯ ಅಂಚು ಸುಟ್ಟಂತೆ ಕಂದಾಗಿ, ಹೊಸ ಚಿಗುರು ಹಳದಿಯಾಗಿ ಗಿಡ ಹೋಗುತ್ತದೆ. ಹಾಕಲೇಬೇಕಿದ್ದರೆ ಸ್ಥಳೀಯ ಗಿಡಗಳಿಗೆಂದೇ ಮಾರುವ ಗೊಬ್ಬರದ ಪೊಟ್ಟಣದ ಮೇಲೆ ರಂಜಕದ ಅಂಕಿ ನೋಡಿ, ಶೇ 2ಕ್ಕಿಂತ ಕಡಿಮೆ ಇರಲಿ. ತರಕಾರಿ ಮಡಿಗೆ ಹಾಕಿದ ಗೊಬ್ಬರದ ನೀರು ಹರಿದು ಬರುವ ಜಾಗದಲ್ಲೂ ಇವನ್ನು ನೆಡಬೇಡಿ.

ಆಸ್ಟ್ರೇಲಿಯಾದ ಗಿಡ ಎಂದರೆ ಸಾಕಲ್ಲವೇ?

ಸಾಲದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಓಕ್ ಮರವೇ ಅಲ್ಲ, ಅದೊಂದು ಗ್ರೆವಿಲಿಯಾ. ಅದರ ತವರು ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಉತ್ತರದ ಕರಾವಳಿ. ಸಿಡ್ನಿಯ ಕಾಡಿನಲ್ಲಿ ಅದೂ ಹೊರಗಿನದು, ಬೀಜ ಹಾರಿ ಕಳೆಯಾಗುತ್ತದೆ. ಕೂಟಮಂಡ್ರಾ ವಾಟಲ್‌ನದೂ ಅದೇ ಕಥೆ. ಅಂಗಡಿಯಲ್ಲಿ ‘ನೇಟಿವ್’ ಎಂಬ ಚೀಟಿ ನೋಡಿ ಸುಮ್ಮನಾಗದೆ, ನಿಮ್ಮ ಕೌನ್ಸಿಲ್ ವ್ಯಾಪ್ತಿಯ ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ. ಕೆಲವು ಕೌನ್ಸಿಲ್‌ಗಳು ನಿವಾಸಿಗಳಿಗೆ ಸಸಿಗಳನ್ನು ಉಚಿತವಾಗಿ ಕೊಡುವುದೂ ಉಂಟು.

ಬಿದ್ದ ಸೌದೆಯನ್ನು ತರಬಹುದಾ?

ಬೇಡ. ಗ್ರೇ ಬಾಕ್ಸ್ ಮರದ ಬುಡದ ಒಂದು ಕೊರಡನ್ನು ಮೆಲ್ಲಗೆ ಹೊರಳಿಸಿದರೆ, ಅದೃಷ್ಟವಿದ್ದರೆ, ಮೂರು ಸೆಂಟಿಮೀಟರ್‌ನೊಳಗಿನ ಕಂದು ಚಿಪ್ಪಿನ ಬಸವನಹುಳು ಕಾಣಬಹುದು. ಬೆಳಕಿಗೆ ಹಿಡಿದರೆ ಒಳಗಿನದು ಮಸುಕಾಗಿ ಕಾಣುವಷ್ಟು ತೆಳು ಚಿಪ್ಪು. ಅದು ಕಂಬರ್ಲೆಂಡ್ ಬಯಲಿನ ಬಸವನಹುಳು, ಅಳಿವಿನಂಚಿನಲ್ಲಿದೆ. ತಿನ್ನುವುದು ಶಿಲೀಂಧ್ರ, ನಿಮ್ಮ ಸೊಪ್ಪಿನ ಮಡಿಯನ್ನಲ್ಲ. ಸೊಪ್ಪು ತಿನ್ನುವುದು ಯೂರೋಪಿನಿಂದ ಬಂದ ದಪ್ಪ ಚಿಪ್ಪಿನ, ಪಟ್ಟೆಗಳಿರುವ ಇನ್ನೊಂದು ಹುಳು. ನೋಡಿದ ಮೇಲೆ ಕೊರಡನ್ನು ಇದ್ದಂತೆಯೇ ಮುಚ್ಚಿ.

ಮಕ್ಕಳ ಜೊತೆ ಮನೆಯಲ್ಲೇ ಮಾಡುವಂಥದ್ದು?

ಅಕ್ಟೋಬರ್‌ನಲ್ಲಿ ಬರ್ಡ್‌ಲೈಫ್ ಆಸ್ಟ್ರೇಲಿಯಾದ ಹಕ್ಕಿ ಗಣತಿ. ಒಂದು ಕಡೆ 20 ನಿಮಿಷ ಕೂತು ಕಂಡದ್ದನ್ನು ಆ್ಯಪ್‌ನಲ್ಲಿ ಬರೆಯುವುದು, ಅಷ್ಟೇ. ಅದೇ ಗಿಳಿ ಮೂರು ಸಲ ಬಂದರೆ ಮೂರು ಎಂದು ಬರೆಯಬೇಡಿ.

ಕಪ್ಪೆಗೆ ಆಸ್ಟ್ರೇಲಿಯನ್ ಮ್ಯೂಸಿಯಂನ ಫ್ರಾಗ್‌ಐಡಿ ಆ್ಯಪ್, 2017ರಿಂದ ಇದೆ. ಮಳೆ ಬಂದ ಸಂಜೆ ಹಳ್ಳದ ಬಳಿ ಫೋನ್ ಹಿಡಿದು 20ರಿಂದ 60 ಸೆಕೆಂಡ್ ಕೂಗನ್ನು ರೆಕಾರ್ಡ್ ಮಾಡಿ ಕಳಿಸಿದರೆ ತಜ್ಞರು ಕೇಳಿ ಯಾವ ಕಪ್ಪೆ ಎಂದು ತಿಳಿಸುತ್ತಾರೆ. ರೆಕಾರ್ಡಿಂಗ್ ಹೆಚ್ಚಾಗಿ ಕೆಡುವುದು ಒಂದೇ ಕಾರಣಕ್ಕೆ: ಹಿಂದೆ ಯಾರೋ ಮಾತಾಡುತ್ತಿರುತ್ತಾರೆ. ಟೆನಿಸ್ ಚೆಂಡು ಬಾರಿಸಿದಂತೆ ಟಕ್... ಟಕ್ ಕೇಳಿದರೆ ಪಟ್ಟೆಯ ಮಾರ್ಷ್ ಕಪ್ಪೆ. ಕಪ್ಪೆಯನ್ನು ಹಿಡಿಯಬೇಡಿ, ಕೈಯಿಂದ ಚರ್ಮದ ಶಿಲೀಂಧ್ರ ರೋಗ ದಾಟುತ್ತದೆ.

ಜೇನಿನ ವಿಷಯಕ್ಕೆ ಬಂದರೆ, ಕರಾವಳಿಯವರಿಗೆ ಮುಜಂಟಿ ಗೊತ್ತು. ಅದರ ಹತ್ತಿರದ ಬಂಧು ಕುಟುಕದ ಟೆಟ್ರಗೋನುಲಾ ಸಿಡ್ನಿಯಲ್ಲೂ ಇದೆ. ಆದರೆ ಇಲ್ಲಿನ ಹೆಚ್ಚಿನ ಜೇನುಗಳು ಒಂಟಿ. ಔಷಧ ಹಚ್ಚದ ಗಟ್ಟಿ ಮರದ ತುಂಡಿಗೆ 3ರಿಂದ 10 ಮಿಲಿಮೀಟರ್ ಅಗಲದ, 15 ಸೆಂಟಿಮೀಟರ್‌ವರೆಗಿನ ಆಳದ ತೂತು ಕೊರೆದು, ಬೆಳಗಿನ ಬಿಸಿಲು ಬೀಳುವ, ಮಳೆ ತಾಗದ ಕಡೆ ಅಲುಗದಂತೆ ಬಿಗಿಯಿರಿ. ತೂತು ಇನ್ನೊಂದು ತುದಿಗೆ ತೆರೆದಿರಬಾರದು, ಒಳಗೆ ಸಿಬಿರು ಇರಬಾರದು. ನೀಲಿಪಟ್ಟೆಯ ಜೇನು ಮಾತ್ರ ಇದಕ್ಕೆ ಬಾರದು, ಅದಕ್ಕೆ ಒಣ ಜೇಡಿಮಣ್ಣಿನ ಗೋಡೆ ಬೇಕು. ಟೊಮೆಟೊ ಹೂವನ್ನು ಝೇಂಕಾರದಿಂದಲೇ ನಡುಗಿಸಿ ಪರಾಗ ಉದುರಿಸುವುದು ಅದೇ.

ಗೊರವಂಕಗಳನ್ನು ಇಲ್ಲಿ ಏಕೆ ಬೈಯುತ್ತಾರೆ?

1862ರಲ್ಲಿ ಮೆಲ್ಬರ್ನ್‌ಗೆ ತಂದು ಬಿಟ್ಟ ಹೊರಗಿನ ಹಕ್ಕಿ ಅದು. ಪೊಟರೆಗಳಿಂದ ಸ್ಥಳೀಯ ಗಿಳಿಗಳನ್ನು ಓಡಿಸುತ್ತದೆ ಎಂದು ಬೈಯುತ್ತಾರೆ. ಆದರೆ ಜಾಗ್ರತೆ: ನಾಯ್ಸಿ ಮೈನರ್ ಎಂಬ ಬೂದು ಮೈಯ, ಕಪ್ಪು ನೆತ್ತಿಯ ಹಕ್ಕಿ ಬೇರೆ. ಎರಡಕ್ಕೂ ಹಳದಿ ಕೊಕ್ಕಿದೆ, ಕಣ್ಣಿನ ಬಳಿ ಹಳದಿ ಇದೆ. ಗೊರವಂಕದ ಮೈ ಕಂದು, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ. ನಾಯ್ಸಿ ಮೈನರ್ ಈ ನೆಲದ್ದೇ, ಕಾನೂನಿನ ರಕ್ಷಣೆ ಇದೆ, ಎಷ್ಟೇ ಜಗಳಗಂಟಿಯಾದರೂ.

ಶ್ರಾದ್ಧದ ದಿನ ಕಾಗೆಗೆ ಅನ್ನ ಇಡಬಹುದೇ?

ವರ್ಷಕ್ಕೊಮ್ಮೆ ಒಂದು ಹಿಡಿ ಇಟ್ಟರೆ ಆಕಾಶ ಬೀಳುವುದಿಲ್ಲ. ಬರುವುದು ಹೆಚ್ಚಾಗಿ ಬಿಳಿ ಕಣ್ಣಿನ ರೇವನ್. ಅರ್ಧ ಗಂಟೆ ಕಾದು ಉಳಿದದ್ದನ್ನು ತೆಗೆದುಬಿಡಿ, ಇಲ್ಲವಾದರೆ ರಾತ್ರಿ ಇಲಿ ಬರುತ್ತದೆ. ದಿನವೂ ಬ್ರೆಡ್ಡು, ಅನ್ನ, ಕಾಳು ಹಾಕುವುದು ಬೇರೆ ಮಾತು, ಅದು ಬೇಡವೇ ಬೇಡ. ಗಿಳಿಗಳು ಒಂದೇ ತಟ್ಟೆಗೆ ಮುಗಿಬಿದ್ದಾಗ ಕೊಕ್ಕು ಮತ್ತು ಗರಿಯ ರೋಗ ಹರಡುತ್ತದೆ. ಅದರ ಬದಲು ಆಳವಿಲ್ಲದ ತಟ್ಟೆಯಲ್ಲಿ ಒಂದು ಕಲ್ಲಿಟ್ಟು ನೀರು ಇಡಿ, ನಿತ್ಯ ತೊಳೆದು ಬದಲಿಸಿ.

ಗಾಯಗೊಂಡ ಪ್ರಾಣಿ ಸಿಕ್ಕರೆ?

ನ್ಯೂ ಸೌತ್ ವೇಲ್ಸ್‌ನಲ್ಲಿ ವನ್ಯಜೀವಿಗಳನ್ನು ರಕ್ಷಿಸುವ ವೈರ್ಸ್ ಸಂಸ್ಥೆಯ 1300 094 737ಕ್ಕೆ ಕರೆಮಾಡಿ. ಹಕ್ಕಿಯಾದರೆ ಟವೆಲ್ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ತಿನ್ನಿಸಬೇಡಿ, ಕುಡಿಸಬೇಡಿ.

ಬಾವಲಿಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಪ್ಯಾರಾಮ್ಯಾಟಾ ಪಾರ್ಕಿನಲ್ಲೇ ಅವುಗಳ ದೊಡ್ಡ ನೆಲೆ ಇರುವುದರಿಂದ ಬಲೆಗೆ, ತಂತಿಗೆ ಸಿಕ್ಕಿದವು ಕಾಣಸಿಗುತ್ತವೆ. ರೇಬೀಸ್‌ನ ಬಂಧುವಾದ ಲಿಸ್ಸಾ ವೈರಸ್ ಕಚ್ಚಿದರೆ, ಪರಚಿದರೆ ದಾಟಬಹುದು. ಬಾವಲಿಯನ್ನು ಬಿಡಿಸಲು ಲಸಿಕೆ ಹಾಕಿಸಿಕೊಂಡವರೇ ಬರಬೇಕು. ಪರಚಿದ್ದರೆ ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಿ. ಹಣ್ಣಿನ ಮರಕ್ಕೆ ಬಲೆ ಹಾಕುವವರು ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನದನ್ನೇ ಕೊಳ್ಳಿ.

ರಸ್ತೆಯಲ್ಲಿ ಸತ್ತ ಪೋಸಮ್, ಕಾಂಗರೂ ಕಂಡರೆ, ವಾಹನಗಳ ಅಪಾಯವಿಲ್ಲದಿದ್ದರೆ, ಚೀಲದಲ್ಲಿ ಮರಿ ಇದೆಯೇ ನೋಡಿ. ಮೊಲೆತೊಟ್ಟು ಕಚ್ಚಿಕೊಂಡಿದ್ದರೆ ಎಳೆಯಬೇಡಿ, ದವಡೆ ಹರಿಯುತ್ತದೆ. ಫೋನ್ ಮಾಡಿ ಅವರು ಹೇಳಿದಂತೆ ಮಾಡಿ. ಹಸುವಿನ ಹಾಲು ಕುಡಿಸಿದರೆ ಅರಗದೆ ಭೇದಿಯಾಗಿ ಸಾಯುತ್ತದೆ.

ಛಾವಣಿಯೊಳಗೆ ಪೋಸಮ್ ಸೇರಿದೆ. ದೂರದ ಕಾಡಿಗೆ ಬಿಟ್ಟುಬರಲೇ?

ಕಾನೂನು ಬಿಡುವುದಿಲ್ಲ, ಹಿಡಿಯಲೂ ಪರವಾನಗಿ ಬೇಕು. ಹಿಡಿದ ಜಾಗದಿಂದ 150 ಮೀಟರ್ ಒಳಗೇ ಬಿಡಬೇಕು. ಪೋಸಮ್‌ಗೆ ತನ್ನದೇ ಸೀಮೆ ಇರುತ್ತದೆ, ಬೇರೆಯವರ ಸೀಮೆಯಲ್ಲಿ ಬಿಟ್ಟರೆ ಉಳಿಯುವುದು ಕಡಿಮೆ. ಹಿತ್ತಲ ಮರಕ್ಕೆ ಒಂದು ಪೆಟ್ಟಿಗೆ ಕಟ್ಟಿ, ಕತ್ತಲಾಗಿ ಅದು ಹೊರಗೆ ಹೋದ ಮೇಲೆ ಕಂಡಿ ಮುಚ್ಚಿ. ಮುಚ್ಚುವ ಮೊದಲು ಒಳಗೆ ಮರಿ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

ಗಣೇಶನನ್ನು ಹಳ್ಳದಲ್ಲಿ ಬಿಡಬಹುದೇ? ಊರಿಂದ ಬೀಜ ತರಬಹುದೇ?

ಹಳ್ಳದಲ್ಲಿ ಬೇಡ. ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನು ಮನೆಯ ಬಕೆಟ್‌ನಲ್ಲಿ ಕರಗಿಸಿ ಹಿತ್ತಲಿಗೆ ಸುರಿಯಿರಿ, ಹೂ ಪತ್ರೆ ಕಾಂಪೋಸ್ಟ್‌ಗೆ. ಬೀಜ, ಸಸಿ, ಬಿಲ್ವಪತ್ರೆ, ತೆಂಗಿನಕಾಯಿ ಏನೇ ಇದ್ದರೂ ವಿಮಾನ ನಿಲ್ದಾಣದ ಚೀಟಿಯಲ್ಲಿ ಬರೆದು ತೋರಿಸಿ. ಬಚ್ಚಿಟ್ಟರೆ ದಂಡ. ಇಲ್ಲೇ ಕೊಂಡ ಕರಿಬೇವಿನ ಗಿಡದ ಕಪ್ಪು ಹಣ್ಣನ್ನು ಹಕ್ಕಿಗಳು ಹರಡುತ್ತವೆ, ಹೂ ಬಿಟ್ಟಾಗಲೇ ಗೊಂಚಲು ಚಿವುಟಿದರೆ ಎಲೆಯೂ ಹುಲುಸಾಗಿ ಬರುತ್ತದೆ.

ಹಾವಿನ ಭಯ?

ಕೆಂಪು ಹೊಟ್ಟೆಯ ಕಪ್ಪು ಹಾವು, ಈಸ್ಟರ್ನ್ ಬ್ರೌನ್ ಎರಡೂ ಇವೆ. ಕಂಡರೆ ನಿಂತಲ್ಲೇ ನಿಲ್ಲಿ, ಅದೇ ಹೋಗುತ್ತದೆ. ಕೊರಡು ಹೊರಳಿಸುವಾಗ ನಿಮ್ಮ ಕಡೆಗೆ ಎತ್ತಿ, ಹಾವು ಆಚೆ ಕಡೆಯಿಂದ ಹೋಗಲು ದಾರಿಯಾಗುತ್ತದೆ. ಕಚ್ಚಿದರೆ ತೊಳೆಯಬೇಡಿ, ಚರ್ಮದ ಮೇಲಿನ ವಿಷದಿಂದ ಯಾವ ಹಾವೆಂದು ಪತ್ತೆ ಹಚ್ಚಲು ಸಹಾಯವಾಗುತ್ತದೆ. ಅಗಲ ಎಲಾಸ್ಟಿಕ್ ಬ್ಯಾಂಡೇಜನ್ನು ಕೈಗೋ ಕಾಲಿಗೋ ಪೂರ್ತಿ ಬಿಗಿಯಾಗಿ ಸುತ್ತಿ, ಅಲುಗಾಡದೆ ಮಲಗಿಸಿ 000ಗೆ ಕರೆಮಾಡಿ.

ಶೂ ತೊಳೆಯಿರಿ ಎಂದು ಅಷ್ಟೊಂದು ಯಾಕೆ ಹೇಳುತ್ತಾರೆ?

ಫೈಟಾಫ್ತೊರಾ ಎಂಬ ಬೇರು ಕೊಳೆಯಿಸುವ ರೋಗಾಣು ಶೂಗೆ ಮೆತ್ತಿದ ಮಣ್ಣಿನಲ್ಲೇ ಪ್ರಯಾಣ ಮಾಡುತ್ತದೆ. ಮೊದಲು ಬ್ರಷ್‌ನಿಂದ ಮಣ್ಣು ಪೂರ್ತಿ ಕೆರೆದು, ಆಮೇಲೆ ಶೇ 70ರ ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿ. ಮಣ್ಣಿನ ಮೇಲೆಯೇ ಸಿಂಪಡಿಸಿದರೆ ಪ್ರಯೋಜನವಿಲ್ಲ. 2010ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಮೊದಲು ಕಂಡ ಮರ್ಟಲ್ ರಸ್ಟ್ ಎಂಬ ಶಿಲೀಂಧ್ರ ರೋಗ ಮಾತ್ರ ಬಟ್ಟೆಯಲ್ಲೂ ಬರುತ್ತದೆ. ಲಿಲ್ಲಿಪಿಲ್ಲಿ ಗಿಡದ ಚಿಗುರಿನ ಮೇಲೆ ಅರಿಸಿನದಂಥ ಹಳದಿ ಪುಡಿ ಕಂಡರೆ ಮುಟ್ಟದೆ ಫೋಟೊ ತೆಗೆಯಿರಿ.

ಮಳೆ ಬಂದರೆ ಕೆಲಸ ಇರುತ್ತದೆಯೇ?

ತುಂತುರಿದ್ದರೆ ಇರುತ್ತದೆ, ಸಸಿ ಕೀಳಲು ಅದೇ ಹದ. ಗುಡುಗು, ಜೋರು ಗಾಳಿ, ಸಂಪೂರ್ಣ ಬೆಂಕಿ ನಿಷೇಧದ ದಿನಗಳಲ್ಲಿ ರದ್ದು. ಯೂಕಲಿಪ್ಟಸ್ ಕೊಂಬೆ ಗಾಳಿಯಿಲ್ಲದ ಸುಡುಬಿಸಿಲಿನಲ್ಲೂ ಸೂಚನೆ ಕೊಡದೆ ಮುರಿದು ಬೀಳಬಹುದು, ಆದ್ದರಿಂದ ಚಹಾ ಮೇಜನ್ನು ಮುದಿಮರದ ಕೆಳಗೆ ಹಾಕುವುದಿಲ್ಲ.